ನೀರೂ ಮುಟ್ಟದೆ ಹೋದ ಗಂಡು

"ಒಂದು ತೊಟ್ಟು ನೀರಾದ್ರೂ ಕುಡೀರಿ..."

"ಬ್ಯಾಡ."

ನೀಲಾಂಬಿಕೆ ಹಿಡಿದಿದ್ದ ಲೋಟ ಕೈಯಲ್ಲೇ ಉಳಿಯಿತು. ಹಿರೀಸಾವೆಯಿಂದ ಚನ್ನರಾಯಪಟ್ಟಣಕ್ಕೆ ಹೆಣ್ಣು ನೋಡಲು ಬಂದ ಗೌರೀಶಂಕರ, ಹೆಣ್ಣಿನ ಮುಖವನ್ನು ನೋಡಿದ್ದು ಒಂದೇ ಸಲ. ಆ ನೋಟಕ್ಕೇ ಅವಳ ಎದೆ ಢವಢವ ಎಂದಿತು! ಜೊತೆಗೆ ಬಂದಿದ್ದ ಅವನ ದೊಡ್ಡಪ್ಪ ಎರಡು ತಟ್ಟೆ ಉಪ್ಪಿಟ್ಟು ಮುಗಿಸಿದರು. ಇವನು ಮಾತ್ರ ಮೇಲುವಸ್ತ್ರವನ್ನು ಎದೆಗೆ ಅವುಚಿಕೊಂಡು, ಮುಳ್ಳಿನ ಮೇಲೆ ಕೂತವನಂತೆ ಕೂತು ಎದ್ದುಹೋದ.

ತಿಂಗಳಾದರೂ ಸುದ್ದಿಯಿಲ್ಲ.

ಬಳೆ ಮಾರುವ ಮಾಯಮ್ಮ ಬೇರೆ ಬಂದು ಕಿವಿ ಕಚ್ಚಿದಳು. "ನಿನ್ನ ನೋಡಿ ಹೋದ್ಮೇಲೆ ಆ ಹುಡ್ಗ ಎರಡು ದಿನ ಹಿರೀಸಾವೆ ರಸ್ತೆ ಬೇಲಿ ಸಂದೀಲಿ ಸುತ್ತುತಿದ್ದ ಕಣವ್ವ. ಯಾರಿಗೆ ಕಾಯ್ತಿದ್ನೋ!"

ಯಾರವಳು? ಹಾಗಾದರೆ ನನ್ನನ್ನು ಹಾಗೇಕೆ ನೋಡಿದ? ಯೋಚಿಸಿ ಯೋಚಿಸಿ ನೀಲಾಂಬಿಕೆಯ ರೊಟ್ಟಿಗಳೆಲ್ಲ ಸೀದವು.

ಅಷ್ಟರಲ್ಲಿ ಅರಕಲಗೂಡಿನ ಸಂಬಂಧವೊಂದು ಬಂತು. ಸೋಮವಾರ ಮಾತು ಕೊಡುವುದಾಗಿ ಅಪ್ಪ ಈಶ್ವರಯ್ಯ ಹೇಳಿಬಿಟ್ಟರು.

ಯೋಚಿಸಿದ್ದು ಸಾಕು! ಶನಿವಾರ ಬೆಳಿಗ್ಗೆ, ಅತ್ತೆಯ ಮನೆಗೆಂದು ಸುಳ್ಳು ಹೇಳಿ ಬಸ್ಸು ಹತ್ತಿದಳು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸು. ದಿಣ್ಣೆ ಬಂದಾಗಲೆಲ್ಲ ಗಂಡಸರು ಇಳಿದು ತಳ್ಳಿದರು.

ಹಿರೀಸಾವೆಯ ತನ್ನ ಜವಳಿ ಅಂಗಡಿಯಲ್ಲಿ ಒಬ್ಬನೇ ಕೂತಿದ್ದ ಗೌರೀಶಂಕರ ದಡಬಡಿಸಿ ಎದ್ದ.

"ನೀವು... ಇಲ್ಲಿ!"

"ಅವತ್ತು ನೀರು ಯಾಕೆ ಮುಟ್ನಿಲ್ಲ? ಬೇಲಿ ಹತ್ರ ಯಾರಿಗೆ ಕಾಯ್ತಿದ್ರಿ?"

ಅವನ ದನಿ ತಗ್ಗಿತು. "ಯಾರಿಗೂ ಇಲ್ಲ ಕಣ್ರೀ. ಅವತ್ತು ಬಸ್ಸು ತಳ್ಳುವಾಗ ಶಿವದಾರ ಕಿತ್ತು ಲಿಂಗ ಬಿದ್ದೋಗಿತ್ತು. ನಿಮ್ಮನೆ ಬಾಗಿಲಿಗೆ ಬಂದ್ಮೇಲೇ ಗೊತ್ತಾಗಿದ್ದು. ಎರಡು ದಿನ ಉಪವಾಸ ಹುಡುಕ್ದೆ, ಬೇಲೀಲಿ ಸಿಕ್ತು."

ಕೊರಳಲ್ಲಿ ಲಿಂಗವಿಲ್ಲದೆ, ಪೂಜೆಯಿಲ್ಲದೆ ತೊಟ್ಟು ನೀರೂ ಕುಡಿಯುವಂತಿಲ್ಲ. ಅವಳ ಮನೆಯ ಮಕ್ಕಳಿಗೂ ಗೊತ್ತಿರುವ ಮಾತು. ತನಗೇಕೆ ಹೊಳೆಯಲಿಲ್ಲ! ನೀಲಾಂಬಿಕೆಗೆ ನಾಚಿಕೆಯಾಯಿತು.

"ಹೇಳ್ಬೋದಿತ್ತಲ್ಲ?"

"ನಂಗೆ ಒಪ್ಪಿಗೆಯಿಲ್ಲ ಅಂದ್ಕಂಡು ದೊಡ್ಡಪ್ಪ ಸುಮ್ನಾದ್ರು. ನಿಜ ಹೇಳಿದ್ರೆ, ಹೆಣ್ಣು ನೋಡೋಕೆ ಹೊರಟ ದಿನಾನೇ ಲಿಂಗ ಬಿತ್ತು, ನಿಮ್ಮ ಕಾಲ್ಗುಣ ಸರಿಯಿಲ್ಲ ಅಂತಾರೆ. ಆ ಮಾತು ನಿಮ್ಮೇಲೆ ಬರಬಾರ್ದು ಅಂತ... ದಿನಾ ಯೋಚ್ನೆ ಮಾಡ್ತಾನೇ ಇದ್ದೆ."

ಅವಳ ಕಣ್ಣು ತುಂಬಿತು. "ಸೋಮವಾರ ಅಪ್ಪ ಬೇರೆಯವರಿಗೆ ಮಾತು ಕೊಡ್ತಾರೆ."

ಅವನ ಮುಖ ಬಿಳಿಚಿಕೊಂಡಿತು. "ಹಂಗಾದ್ರೆ... ನಾಳೆ ದೊಡ್ಡಪ್ಪನ ಹತ್ರ ನಿಧಾನಕ್ಕೆ..."

"ಮತ್ತೆ ಯೋಚ್ನೆನಾ? ನಾನು ಬೇಕಾ, ಬ್ಯಾಡ್ವಾ?"

"ಬೇಕು! ನೋಡಿದ ಗಳಿಗೆಯಿಂದ ಬೇಕು!"

ಹೇಳಿಯೇಬಿಟ್ಟನಲ್ಲ! ತನ್ನ ಬಾಯಿಂದ ಬಂದದ್ದು ತನಗೇ ನಂಬಿಕೆಯಾಗದವನಂತೆ ಒಂದು ಕ್ಷಣ ನಿಂತವನು, ಅಂಗಡಿ ಬಾಗಿಲು ಎಳೆದು ಬೀಗ ಹಾಕಿದ.

"ಈಗ್ಲೇ ಬಂದು ನಿಮ್ಮಪ್ಪನ್ನ ಕೇಳ್ತೀನಿ. ಬೈದ್ರೆ?"

"ಇಬ್ರೂ ಒಟ್ಟಿಗೇ ಬೈಸ್ಕಳ್ಳಣ. ಬನ್ನಿ, ಬಸ್ಸು ಹೊರಡ್ತೈತೆ."