ತಂತಿಯ ಆಚೆಗೊಂದು ಚೆನ್ನೆಮಣೆ

"ಹಲೋ ಸುಳ್ಯ... ಹಲೋ... ಎಂತ, ಅಲ್ಲಿ ಯಾರೂ ಇಲ್ವಾ?"

ತಂತಿಯ ಆಚೆ ಕರುಮುರು ಸದ್ದು. ಆಮೇಲೆ ಯಾವ ಅವಸರವೂ ಇಲ್ಲದ ಒಂದು ಗಂಡುದನಿ.

"ಇದ್ದೇನೆ ಮಾರಾಯ್ರೆ. ಬಾಯಲ್ಲಿ ಹಪ್ಪಳ ಉಂಟು."

ಸೇವಂತಿಗೆ ಮೈ ಉರಿಯಿತು. ಪುತ್ತೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಅವಳು ಸೇರಿದ ಹೊಸತು. ಟ್ರಂಕ್ ಕಾಲ್ ಬುಕ್ ಮಾಡಿದವರು ಈಗ ಸಿಗುತ್ತದಾ, ಈಗ ಸಿಗುತ್ತದಾ ಎಂದು ತಲೆ ತಿನ್ನುತ್ತಿದ್ದಾರೆ. ಈ ಮಹಾರಾಯ ಹಪ್ಪಳ ತಿನ್ನುತ್ತಿದ್ದಾನೆ!

"ಮಾತಾಡುವಾಗಲೂ ತಿನ್ನುದಾ?" ಎಂದಳು ಬಿರುಸಾಗಿ.

"ಊಟದ ಹೊತ್ತಲ್ವಾ? ಹಲಸಿನ ಹಪ್ಪಳ. ತಂತಿಯಲ್ಲಿ ಕಳಿಸ್ಲಿಕ್ಕೆ ಆಗುದಿದ್ರೆ ನಿಮಗೂ ಒಂದು ಕಳಿಸ್ತಿದ್ದೆ."

ಅವಳು ಕಾಲ್ ಜೋಡಿಸಿಬಿಟ್ಟಳು. ಎಂಥಾ ಮನುಷ್ಯ ಇವನು... ಆದರೆ ಸಂಜೆ ಮನೆಗೆ ಹೋಗುವ ಕೆದಂಬಾಡಿಯ ಬಸ್ಸಿನಲ್ಲಿ ಕಿಟಕಿಗೆ ಒರಗಿ ಕೂತವಳ ತುಟಿಯಲ್ಲಿ ನಗು ಯಾಕೆ ಬಂತೋ, ಅವಳಿಗೇ ಗೊತ್ತಾಗಲಿಲ್ಲ.

ಆ ದನಿಯ ಹೆಸರು ಬೋಜಪ್ಪ. ಸುಳ್ಯದ ಆಪರೇಟರ್, ಮನೆ ಜಾಲ್ಸೂರು. ಆದರೆ ತಂತಿಯ ಮೇಲೆ ಹೆಸರಿಗೆ ಜಾಗವಿರಲಿಲ್ಲ. ಅವನಿಗೆ ಇವಳು "ಪುತ್ತೂರು". ಇವಳಿಗೆ ಅವನು "ಸುಳ್ಯ". ಅಷ್ಟೇ.

೧೯೮೨ರ ಆಟಿ ತಿಂಗಳು, ತುಳುವರ ಆಷಾಢದ ಜಡಿಮಳೆ. ಗಾಳಿಗೆ ಮಂಗಳೂರಿನ ಕಡೆಯ ಕಂಬಗಳೆಲ್ಲ ಮಲಗಿಬಿಟ್ಟವು. ಉಸಿರಾಡುತ್ತಿದ್ದದ್ದು ಪುತ್ತೂರು-ಸುಳ್ಯದ ಲೈನು ಮಾತ್ರ. ಅದಾದರೂ ಜೀವಂತ ಉಂಟೋ ಇಲ್ಲವೋ ಎಂದು ಆಗಾಗ ಮಾತಾಡಿ ನೋಡುತ್ತಿರಬೇಕೆಂದು ಮೇಲಿನವರ ಅಪ್ಪಣೆ. ಕೇಳುತ್ತದಾ? ಕೇಳುತ್ತದೆ. ಇಷ್ಟನ್ನೇ ಎಷ್ಟು ಸಲ ಹೇಳುವುದು?

ಅವತ್ತು ಸೇವಂತಿಯ ಚೀಲದಲ್ಲಿ ಅಜ್ಜಿಯ ಚೆನ್ನೆಮಣೆ ಇತ್ತು. ಬಿರುಕು ಬಿಟ್ಟದ್ದನ್ನು ಪೇಟೆಯ ಆಚಾರಿಯಿಂದ ಸರಿ ಮಾಡಿಸಿ ತಂದಿದ್ದಳು. ಎರಡು ಸಾಲು ಗುಳಿಗಳ ಮರದ ಮಣೆ; ಒಂದು ಗುಳಿಯ ಕಾಯಿಗಳನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವ ಆಟ. ಆಟಿ ಬಂದರೆ ಅಟ್ಟದಿಂದ ಇಳಿಯುತ್ತದೆ, ಆಟಿ ಮುಗಿದರೆ ಮತ್ತೆ ಅಟ್ಟಕ್ಕೆ. ಚೀಲ ಸರಿಸುವಾಗ ಕಾಯಿಗಳು ಗಲಗಲ ಎಂದು ಮೇಜಿನ ಮೇಲೆ ಚೆಲ್ಲಿದವು.

"ಅದು ಚೆನ್ನೆಕಾಯಿಯ ಸದ್ದಲ್ವಾ?" ತಂತಿ ಕೇಳಿತು.

ಇಷ್ಟು ದೂರದಿಂದ ಹೇಗೆ ಗುರುತಿಸಿದ? ಗೋಡೆಯಾಚೆಯ ಬಳೆಯ ಸದ್ದಿನಿಂದಲೇ ರಾಜಕುಮಾರಿಯನ್ನು ಗುರುತಿಸಿದ ರಾಜಕುಮಾರನೊಬ್ಬ ಅಜ್ಜಿಯ ಕಥೆಯಲ್ಲಿದ್ದ. ಪಾಪ, ಅವನು ಹಪ್ಪಳ ತಿನ್ನುತ್ತಿರಲಿಲ್ಲ.

ಆಡೋಣವೇ ಎಂದು ಕೇಳಿದವನು ಅವನೇ. ಹಳೇ ಪೇಪರಿನಲ್ಲಿ ಗುಳಿಗಳ ಬದಲು ವೃತ್ತ ಬರೆದುಕೊಂಡ, ಕಾಯಿಗಳ ಬದಲು ಹುಣಸೆಬೀಜ ಇಟ್ಟುಕೊಂಡ. ಯಾವ ಗುಳಿಯಿಂದ ಎತ್ತಿದ್ದೆಂದು ಹೇಳಿದರೆ ಸಾಕು, ಇನ್ನೊಬ್ಬರು ತಮ್ಮ ಮಣೆಯಲ್ಲೂ ಹಾಗೆಯೇ ಹಾಕುವುದು. ಲೈನಿನ ಪರೀಕ್ಷೆಯೂ ಆಯಿತು, ಆಟವೂ ಆಯಿತು.

ಮೊದಮೊದಲು ಅವಳಿಗೆ ಅನುಮಾನ. ಕಾಣದ ಮನುಷ್ಯ, ಒಂದು ಬೀಜ ಆಚೀಚೆ ಮಾಡಿದರೆ ಯಾರು ನೋಡುತ್ತಾರೆ? ಪ್ರತಿ ಸಲ ಗುಳಿಗಳ ಲೆಕ್ಕ ಒಪ್ಪಿಸಲು ಹೇಳುತ್ತಿದ್ದಳು. ಅವನು ಬೇಸರಿಸದೆ ಒಪ್ಪಿಸುತ್ತಿದ್ದ. ಲೆಕ್ಕ ಕೇಳುವುದನ್ನು ಎಂದು ಬಿಟ್ಟಳೋ ನೆನಪಿಲ್ಲ.

ಆಟದ ನಡುವೆ ಮಾತು ತಾನಾಗಿ ನುಸುಳತೊಡಗಿತು. ಅವನು ಸೀನಿದರೆ ಇವಳು ಶುಂಠಿ ಕಷಾಯ ಹೇಳುವಳು. ಇವಳ ಕೈ ತಡವಾದರೆ, ಪುತ್ತೂರು ನಿದ್ದೆಗೆ ಜಾರಿತಾ ಎಂದು ಅವನು ಛೇಡಿಸುವನು. ಅಜ್ಜಿ ಪೂವಮ್ಮ ಜ್ವರದಿಂದ ಮಲಗಿದ್ದಾಗ ಸೇವಂತಿಗೆ ಆಟದಲ್ಲಿ ಮನಸ್ಸೇ ಇರಲಿಲ್ಲ. ಆದರೂ ಆಟದ ಮೇಲೆ ಆಟ ಗೆದ್ದಳು. ಮಣೆ ನೋಡುತ್ತಾ ನೋಡುತ್ತಾ ಅವಳಿಗೆ ಹೊಳೆಯಿತು. ಗೆಲ್ಲುವ ಗುಳಿ ಎದುರಿಗಿದ್ದರೂ ಅವನು ಅದನ್ನು ಬಿಟ್ಟು ಬೇರೆಯದನ್ನು ಎತ್ತುತ್ತಿದ್ದಾನೆ!

"ನೀವು ಬೇಕೂಂತ ಸೋಲುದಲ್ವಾ?"

"ಗೆದ್ದಾಗ ನೀವು ಸಣ್ಣಕ್ಕೆ ನಗ್ತೀರಿ," ಎಂದ. "ಇವತ್ತು ಅದು ಕೇಳ್ಲಿಲ್ಲ. ಹಾಗಾಗಿ..."

ಹಾಗಾಗಿ... ಆ ಮಾತು ಅಲ್ಲಿಗೇ ನಿಂತಿತು. ಸೇವಂತಿಯ ಮನಸ್ಸು ಮಾತ್ರ ನಿಲ್ಲಲಿಲ್ಲ.

ಆಟಿ ಮುಗಿಯುವುದರೊಳಗೆ ಪುತ್ತೂರಿಗೆ ಬರುತ್ತೇನೆ, ಒಂದಾಟ ಎದುರೆದುರು ಕೂತು ಆಡುವ ಎಂದ. ಅವಳು ಹೂಂ ಅಂದಳು. ಯಾವ ಸೀರೆ ಉಡುವುದೆಂದು ಕೂಡ ಗೊತ್ತುಮಾಡಿಕೊಂಡಳು, ಹುಚ್ಚಿ!

ಅದಾಗಿ ಒಂದು ಬೆಳಿಗ್ಗೆ ತಂತಿಯ ಮೇಲೆ ಬೇರೆಯೇ ಯಾರೋ ಮಾತಾಡಿದಂತೆ ಕೇಳಿತು.

"ಲೈನ್ ಸರಿ ಉಂಟು, ತಂಗಿ."

ತಂಗಿ?

ಅರ್ಧಕ್ಕೆ ನಿಂತ ಆಟವಿತ್ತು. ಸರದಿ ಅವನದು. ಅವಳು ಕಾದಳು. ಅವನು ಗುಳಿ ಹೇಳಲಿಲ್ಲ. ಕೊನೆಗೆ ಅವಳೇ ನೆನಪಿಸಿದಾಗ, ಇನ್ನು ಆಡುವುದು ಬೇಡ ತಂಗಿ ಎಂದು ಮೆಲ್ಲಗೆ ಹೇಳಿ ಲೈನಿನಿಂದ ಸರಿದ.

ಅಂದರೆ ಇಷ್ಟು ದಿನದ್ದೆಲ್ಲ ಬರೀ ಹೊತ್ತು ಕಳೆಯುವ ಆಟವಾ? ಹೆಡ್‌ಫೋನಿನ ಅಡಿಯಲ್ಲಿ ಅವಳ ಕಿವಿ ಸುಟ್ಟಂತಾಯಿತು. ಕಣ್ಣು ತುಂಬಿ ಎದುರಿನ ಸ್ವಿಚ್‌ಬೋರ್ಡಿನ ದೀಪಗಳೆಲ್ಲ ಕಲಸಿಹೋದವು. ಕಾಯಿಗಳನ್ನು ಗುಳಿಗಳಿಂದ ತೆಗೆಯಲು ಮಾತ್ರ ಕೈ ಬರಲಿಲ್ಲ.

ವಿಷಯ ಬಿಚ್ಚಿದವರು ಲೈನ್‌ಮ್ಯಾನ್ ಚನಿಯಪ್ಪಣ್ಣ. ಕಂಬ ನಿಲ್ಲಿಸಿ ಬಂದು ಚಾ ಕುಡಿಯುತ್ತಾ, ಸುಳ್ಯದ ಬೋಜಪ್ಪ ನಿನ್ನ ಬಗ್ಗೆ ವಿಚಾರಿಸಿದ ಮಗಳೇ ಎಂದರು. ಹೆಣ್ಣು ಕೇಳಲಿಕ್ಕೆ ಬರುವ ಅಂದಾಜು ಇರಬೇಕು, ಬಳಿ, ಅಂದರೆ ಗೋತ್ರ, ಯಾವುದೆಂದು ಕೇಳಿದ. ಕೆದಂಬಾಡಿ ಪೂವಮ್ಮನ ಮನೆಯ ಬಳಿ ನನಗೆ ಗೊತ್ತಿಲ್ಲದ್ದಾ? ಹೇಳಿದೆ. "ಅವನ ಮುಖ ಬಾಡಿಯೇ ಹೋಯ್ತು. ಅವನದ್ದೂ ಅದೇ ಬಳಿ ಅಂತೆ."

ಸೇವಂತಿಯ ಕೈಯ ಲೋಟ ನಿಂತಲ್ಲೇ ನಿಂತಿತು.

ಒಂದೇ ಬಳಿಯೆಂದರೆ ಅವರ ಗೌಡ ಸಮುದಾಯದಲ್ಲಿ ಒಡಹುಟ್ಟಿದವರ ಲೆಕ್ಕ. ಮದುವೆಯಿಲ್ಲ. ಒಡಹುಟ್ಟಿದವರು ಎದುರುಬದುರು ಚೆನ್ನೆ ಆಡುವಂತೆಯೂ ಇಲ್ಲ. ಆಡಿ ಹಾಳಾದವರ ಕಥೆಯನ್ನು ಅಜ್ಜಿ ಪ್ರತಿ ಆಟಿಗೂ ಹೇಳುತ್ತಿದ್ದಳು. ಅದಕ್ಕೇ ಆಟ ಬಿಟ್ಟನಾ? ಅದಕ್ಕೇ ತಂಗಿ ಎಂದನಾ... ಅಷ್ಟು ಕಷ್ಟಪಟ್ಟು?

ಅಯ್ಯೋ ದೇವರೇ! ಬಳಿ ಬರುವುದು ಅಪ್ಪನಿಂದ. ತಾಯಿ ತೀರಿಕೊಂಡದ್ದರಿಂದ ಅವಳು ಬೆಳೆದದ್ದು ಅಜ್ಜಿಯ ಮನೆಯಲ್ಲಿ, ನಿಜ. ಆದರೆ ಅಪ್ಪನ ಮನೆ ಕಡಬದಲ್ಲಿ. ಆ ಬಳಿಯೇ ಬೇರೆ!

ಓಡಿಹೋಗಿ ಹೆಡ್‌ಫೋನ್ ಏರಿಸಿದಳು.

"ಹಲೋ ಸುಳ್ಯ."

"ಹೇಳು ತಂಗಿ."

"ಚನಿಯಪ್ಪಣ್ಣ ಹೇಳಿದ್ದು ನನ್ನ ಅಜ್ಜಿಮನೆಯ ಬಳಿ. ನನ್ನ ಅಪ್ಪನ ಮನೆ ಕಡಬ. ನಮ್ಮ ಬಳಿ ಬೇರೆ."

ತಂತಿಯಲ್ಲಿ ಗಾಳಿಯ ಸದ್ದು ಮಾತ್ರ. ಲೈನ್ ಸತ್ತೇಹೋಯಿತಾ?

"ಕೇಳ್ತದಾ?" ಎಂದಳು ಸಣ್ಣ ದನಿಯಲ್ಲಿ.

"ಕೇಳ್ತದೆ..." ಎಂದ ಅವನು. "ಇನ್ನೊಮ್ಮೆ ಹೇಳಿ ಪುತ್ತೂರು."

ಪುತ್ತೂರು! ಲೋಕದಲ್ಲಿ ಅದಕ್ಕಿಂತ ಚೆಂದದ ಹೆಸರು ಯಾವುದುಂಟು?

ಆಟಿಯ ಕೊನೆಯ ಭಾನುವಾರ ಬೋಜಪ್ಪ ಕೆದಂಬಾಡಿಗೆ ಬಂದ. ಜೊತೆಗೆ ಅವನ ಅಪ್ಪ. ಹೇಳಿ ಕಳಿಸಿದ್ದರಿಂದ ಕಡಬದಿಂದ ಸೇವಂತಿಯ ಅಪ್ಪನೂ ಬಂದಿದ್ದರು. ಹಿರಿಯರು ಎಲೆಯಡಿಕೆ ಮುಂದಿಟ್ಟುಕೊಂಡು ಬಳಿ, ಮನೆತನ ಎಂದು ಬಿಚ್ಚಿ ಬಿಚ್ಚಿ ಮಾತಾಡಿ ನಗತೊಡಗಿದರು. ಪೂವಮ್ಮಜ್ಜಿ ಮೊಮ್ಮಗಳನ್ನು ಕಣ್ಣಲ್ಲೇ ಜಗಲಿಯ ಮೂಲೆಗೆ ಕಳಿಸಿದಳು. ಅಲ್ಲಿ ಅರ್ಧಕ್ಕೆ ನಿಂತ ಆಟ ಹಾಗೇ ಇತ್ತು. ಎಕ್ಸ್‌ಚೇಂಜಿನಿಂದ ಮಣೆ ಮನೆಗೆ ತಂದು, ಯಾವ ಗುಳಿಯಲ್ಲಿ ಎಷ್ಟೆಂದು ನೆನಪಿಟ್ಟು ಸೇವಂತಿ ಬೆಳಿಗ್ಗೆಯೇ ಕಾಯಿ ತುಂಬಿಸಿದ್ದಳು.

ಅವಳು ಅಂದುಕೊಂಡದ್ದಕ್ಕಿಂತ ಅವನು ಕಪ್ಪು, ಎತ್ತರ. ಕಿವಿ ಸ್ವಲ್ಪ ದೊಡ್ಡದು. ಅಷ್ಟು ದೂರದ ಚೆನ್ನೆಕಾಯಿ ಕೇಳಿಸಿದ್ದು ಸುಮ್ಮನೆ ಅಲ್ಲ!

ಎದುರೆದುರು ಕೂತ ಮೇಲೆ ಇಬ್ಬರ ಕಣ್ಣೂ ಮಣೆಯ ಮೇಲೆಯೇ. ತಂತಿ ಇಲ್ಲದೆ ಹೇಗೆ ಮಾತಾಡುವುದು?

"ಸರದಿ ನಿಮ್ಮದು," ಎಂದಳು ತಲೆ ತಗ್ಗಿಸಿ.

ಅವನು ಒಂದು ಗುಳಿಯ ಮೇಲೆ ಕೈಯಿಟ್ಟು ತಡೆದ. "ನಾಳೆ ನಾಳಿದ್ದಿಗೆ ಆಟಿ ಮುಗೀತದೆ. ಇದು ಮುಗಿಯದಿದ್ರೆ?"

"ಮುಂದಿನ ಆಟಿಗೆ ಆಡುದು."

"ಆಗ ನೀವು ಎಲ್ಲಿರ್ತೀರಿ?"

"ಇಲ್ಲೇ. ಅಜ್ಜಿಯ ಹತ್ತಿರ."

ಅವನ ಮುಖ ಸಣ್ಣದಾಯಿತು. ಸೇವಂತಿ ಕಾಯಿಗಳನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು.

"ಮದುವೆಯಾದ ಮೊದಲ ಆಟಿಗೆ ಹೆಣ್ಣು ತವರಿನಲ್ಲೇ ಇರುದಲ್ವಾ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಾಗ ಆ ದೊಡ್ಡ ಕಿವಿಗಳೆರಡೂ ಕೆಂಪಾದವು.

"ಹಾಗಾದ್ರೆ ಸೇವಂತಿ... ಮತ್ತೆ ಲೈನಿನಲ್ಲೇ ಆಡುದಾ?"

"ಹೂಂ," ಎಂದಳು ಅವಳು. ಗೆದ್ದಾಗ ನಗುವ ಆ ಸಣ್ಣ ನಗು ಅವನಿಗೆ ಮೊದಲ ಸಲ ಕಾಣಿಸಿತು. "ಬಾಯಲ್ಲಿ ಹಪ್ಪಳ ಇಟ್ಕೊಳ್ಳದೆ."