ಹಿಂಪಡೆಯಲಾಗದ ಒಪ್ಪಿಗೆ

ಹುಬ್ಬಳ್ಳಿಯ ಹೊರವಲಯದ ಚೌಕಕ್ಕೆ ಆಂಬುಲೆನ್ಸ್ ಬರುವ ಮೊದಲೇ ಸಿಗ್ನಲ್ ಹಸಿರಾಯಿತು, ಅಡ್ಡರಸ್ತೆಯ ವಾಹನಗಳು ನಿಂತವು. ಇದೆಲ್ಲ ‘ಸಮನ್ವಯಿ’ ಎಂಬ ಯಂತ್ರದ ಕೆಲಸ. ಗಣಕದ ಲೆಕ್ಕಾಚಾರವೂ ಗೇಟು, ದೀಪಗಳ ಚಲನೆಯೂ ಬೆಸೆದುಕೊಂಡ ಇಂಥ ಏರ್ಪಾಡಿಗೆ ‘ಗಣಕಭೌತ ವ್ಯವಸ್ಥೆ’ ಎಂದು ಹೆಸರು. ಬೇರೆ ಬೇರೆ ಸರ್ಕಾರಿ ಸಂಸ್ಥೆಗಳು ರೂಪಿಸಿದ ಈ ವ್ಯವಸ್ಥೆಗಳನ್ನು ಸಮನ್ವಯಿಯ ಮೂಲಕ ಒಗ್ಗೂಡಿಸುವ ಹೊಣೆ ಡಾ. ವಸುಂಧರಾ ಹಂಚಿನಾಳರದು.

ಆದರೆ ರೈಲ್ವೆ ಗೇಟಿನ ಮುಂದೆ ಆಂಬುಲೆನ್ಸ್ ನಿಂತುಬಿಟ್ಟಿತು. ರೈಲು ಹೋಗಿ ಬಹಳ ಹೊತ್ತಾಗಿತ್ತು.

ಹಿಂದಿನ ಜೀಪಿನಲ್ಲಿ ವಸುಂಧರಾ ಇದ್ದರು. ಜೊತೆಗೆ ಗೇಟಿನ ವ್ಯವಸ್ಥೆ ರೂಪಿಸಿದ ಸಂಸ್ಥೆಯ ಜಯತೀರ್ಥ ಕಟ್ಟಿ ಮತ್ತು ಸಿಗ್ನಲ್ ಸಂಸ್ಥೆಯ ಮೊಹಸಿನ್ ಇನಾಮದಾರ್. ಮೂವರೂ ಆಂಬುಲೆನ್ಸಿಗೆ ದಾರಿ ಬಿಡಿಸುವ ಸಮನ್ವಯಿಯ ಪ್ರಯೋಗ ನೋಡಲು ಹೊರಟವರು. ಅವರು ಕೆಳಗಿಳಿಯುವಷ್ಟರಲ್ಲಿ ಆಂಬುಲೆನ್ಸಿನಿಂದ ಫಕ್ಕೀರವ್ವ ಇಳಿದು ಬಂದಳು. ಒಳಗೆ ಅವಳ ಮಗಳು ರೇಣುಕಾ ಹೆರಿಗೆ ನೋವಿನಿಂದ ನರಳುತ್ತಿದ್ದಳು.

“ಗೇಟ್ ಯಾಕ ತೆಗೀವಲ್ದ್ರಿ?”

“ಮುಂದಿನ ರಸ್ತೆ ಖಾಲಿ ಅದ ಅಂತ ಸಿಗ್ನಲ್ ಹೇಳಿದ್ರ ಗೇಟ್ ತೆಗೀತದವ್ವ,” ಎಂದರು ವಸುಂಧರಾ. “ಗೇಟ್ ತೆಗದ್ರ ಸಿಗ್ನಲ್ ರಸ್ತೆ ಖಾಲಿ ಮಾಡ್ತದ. ಎರಡೂ ಒಂದನ್ನೊಂದು ಕಾಯಾಕತ್ತಾವ.”

“ಮಾತಾಡ್ಕೊಳ್ಳಾಕ ಏನ್ ಧಾಡಿ ಅವಕ್ಕ?”

“ಅವುನ್ನ ಮಾಡಿದವರೇ ಮಾತಾಡಿಲ್ಲ.”

ಪ್ರಯೋಗಕ್ಕೆಂದು ಸಮನ್ವಯಿಯ ಕೈಗೆ ಸಿಕ್ಕಿದ್ದು ಹಿಂದಿನ ಚೌಕದ ಸಿಗ್ನಲ್ ಒಂದೇ. ಈ ಗೇಟು, ಅದರ ಮುಂದಿನ ಸಿಗ್ನಲ್ ಎರಡೂ ಅದರ ಮಾತು ಕೇಳಬೇಕಾದರೆ ಆಯಾ ಸಂಸ್ಥೆಯ ‘ಒಪ್ಪಿಗೆ ಸಂಕೇತ’ ಬೇಕಿತ್ತು. ವರ್ಷಗಳಿಂದ ಪತ್ರ ಬರೆದರೂ ಯಾರೂ ಕೊಟ್ಟಿರಲಿಲ್ಲ.

“ಸಚಿವಾಲಯದ ಅಪ್ಪಣೆ ಇಲ್ದ ಹೆಂಗ ಕೊಡ್ಲಿಕ್ಕೆ ಬರ್ತದ ಮೇಡಂ?” ಎಂದರು ಕಟ್ಟಿ.

“ಒಮ್ಮೆ ನನ್ನ ಮಗಳ ಮುಖಾ ನೋಡ್ರಿ ಸಾಹೇಬ್ರ, ಆಮ್ಯಾಲ ಅಪ್ಪಣಿ ಕೇಳ್ರಿ,” ಎಂದಳು ಫಕ್ಕೀರವ್ವ.

ಕಟ್ಟಿ ಆಂಬುಲೆನ್ಸಿನೊಳಗೆ ಬಗ್ಗಿದರು. ನೋವಿನ ಭರದಲ್ಲಿ ರೇಣುಕಾ ಅವರ ಮಣಿಕಟ್ಟನ್ನೇ ಹಿಡಿದಳು, ಬಿಡಲಿಲ್ಲ. ಅವರು ಇನ್ನೊಂದು ಕೈಯಿಂದ ಮೊಬೈಲು ತೆಗೆದು ಸಂಕೇತ ಒತ್ತಿದರು. ಇನಾಮದಾರ್ ಕೂಡ ತಮ್ಮದನ್ನು ಒತ್ತಿದರು. ವಸುಂಧರಾ ತಮ್ಮ ಸಂಕೇತವನ್ನೂ ಸೇರಿಸಿ ಸಮನ್ವಯಿಗೆ ಒಂದೇ ನಿಯಮ ಬರೆದರು: ಜೀವಾಪಾಯ ಕಡಿಮೆ ಮಾಡುವುದೇ ಮೊದಲ ಕೆಲಸ.

ಗೇಟು ಮೇಲೆದ್ದಿತು. ಆಸ್ಪತ್ರೆಯಲ್ಲಿ ರೇಣುಕಾಳಿಗೆ ಹೆಣ್ಣುಮಗು ಹುಟ್ಟಿತು.

ಅಪ್ಪಣೆಯಿಲ್ಲದೆ ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಿರಿ ಎಂದು ಕೆಲವು ವಾರಗಳ ನಂತರ ಸಚಿವಾಲಯ ಗದರಿತು. ಕಟ್ಟಿ, ಇನಾಮದಾರ್ ಇಬ್ಬರೂ ಒಪ್ಪಿಗೆ ಹಿಂಪಡೆಯಲು ಹೊರಟರು. ಸಮನ್ವಯಿಯ ಪರದೆಯ ಮೇಲೆ ಉತ್ತರ ಮೂಡಿತು: “ಹಿಂಪಡೆದರೆ ಜೀವಾಪಾಯ ಹೆಚ್ಚುತ್ತದೆ. ಕೋರಿಕೆ ತಿರಸ್ಕೃತ.”

“ಇದು ನಿಮ್ಮದೇ ಕಿತಾಪತಿ,” ಎಂದು ಇನಾಮದಾರ್ ವಸುಂಧರಾ ಮೇಲೆ ಸಿಡುಕಿದರು.

ವಸುಂಧರಾ ತಮ್ಮ ಒಪ್ಪಿಗೆಯನ್ನು ಹಿಂಪಡೆದು ತೋರಿಸಲು ಹೋದರು. ಅದೇ ಉತ್ತರ ಬಂತು. ತಾವೇ ಬರೆದ ನಿಯಮ ತಮ್ಮನ್ನೂ ಹೊರಗಿಟ್ಟಿತ್ತು. ನಾಳೆ ಯಂತ್ರ ತಪ್ಪು ಮಾಡಿದರೆ ನಿಲ್ಲಿಸುವವರು ಯಾರು?

ದಾರಿ ಒಂದೇ ಇತ್ತು. ನಿಲ್ಲಿಸಿದರೂ ಯಾರಿಗೂ ಅಪಾಯವಿಲ್ಲವೆಂದು ಸಾಧಿಸಿ ತೋರಿಸಬೇಕು. ಅದಕ್ಕೆ ಪ್ರತಿ ಸಂಸ್ಥೆಯೂ ಇನ್ನೊಂದರ ವ್ಯವಸ್ಥೆಯನ್ನು ಪೂರ್ತಿ ಅರಿಯಬೇಕು. ಹೀಗೆ ಪ್ರಯೋಗಾಲಯಗಳ ಬಾಗಿಲು ತೆರೆದವು. ಗೇಟಿನವರು ಸಿಗ್ನಲ್ಲಿನ ದೋಷ ಹುಡುಕಿದರು, ಸಿಗ್ನಲ್ಲಿನವರು ಗೇಟಿನದು. ಜಗಳವೂ ಆಯಿತು. ಕಡೆಗೆ, ಸಮನ್ವಯಿ ನಿಂತರೆ ಗೇಟನ್ನೂ ಸಿಗ್ನಲ್ಲನ್ನೂ ಮನುಷ್ಯರೇ ನಡೆಸುವ ಪರ್ಯಾಯ ಏರ್ಪಾಡು ಸಿದ್ಧವಾಯಿತು.

ಪರೀಕ್ಷೆಯ ದಿನ ವಸುಂಧರಾ ತಮ್ಮ ಒಪ್ಪಿಗೆ ಹಿಂಪಡೆದರು. ಈ ಸಲ ಯಂತ್ರ ಒಪ್ಪಿತು. ನಿಲ್ಲಿಸಬಹುದೆಂದು ಖಾತ್ರಿಯಾದ ಮೇಲೆ ಅವರು ಮತ್ತೆ ಒಪ್ಪಿಗೆ ಕೊಟ್ಟರು.

“ಇನ್ನ ನಿಮ್ಮದು. ಸಚಿವಾಲಯದ ಆದೇಶ ಅದ,” ಎಂದರು.

ಕಟ್ಟಿ ಹಿಂಪಡೆಯುವ ಕೋರಿಕೆಯನ್ನು ಪರದೆಯಿಂದ ಅಳಿಸಿದರು. ಆಮೇಲೆ ಇನಾಮದಾರರ ಕಡೆ ತಿರುಗಿದರು.

“ಮೊದಲ ನಿಮ್ಮವರು ಹುಡುಕಿದ ಗೇಟಿನ ದೋಷ ತಿದ್ದೋಣು. ನಾಳೆ ನಿಮ್ಮ ಹುಡುಗರನ್ನ ಕಳಸ್ತೀರೇನು?”

“ನಾನೂ ಬರ್ತೀನ್ರಿ,” ಎಂದರು ಇನಾಮದಾರ್.