ಸೋಮವಾರ ಬರಬ್ಯಾಡ್ರಿ

ಬಿದ್ದ ಮೇಲೆ ಯಾರಾದರೂ ಕೈ ಕೊಟ್ಟು ಎಬ್ಬಿಸುತ್ತಾರೆ ಎಂದು ರೇವವ್ವ ಕಾಯುತ್ತಿದ್ದಳು. ಯಾರೂ ಕೈ ಕೊಡಲಿಲ್ಲ.

ಬಾಗೇವಾಡಿಯ ಸಾಲಿ ಮೈದಾನದಲ್ಲಿ ಆಗತಾನೆ ಬೆಳಕು ಹರಿದಿತ್ತು. ಅವಳು ಓಡಿದ್ದು ಒಂದೇ ಸುತ್ತು, ಅದೂ ಹುಲಿ ಬೆನ್ನಟ್ಟಿದಂತೆ. ಅರ್ಧಕ್ಕೇ ಎದೆ ಉರಿಯಿತು. ಪಕ್ಕೆಯಲ್ಲಿ ಯಾರೋ ಕುಡಗೋಲು ಇಟ್ಟು ತಿರುವಿದಂತಾಯಿತು. ಆಮೇಲೆ ಸೀರೆಯ ನಿರಿಗೆ ಕಾಲಿಗೆ ಸುತ್ತಿಕೊಂಡಿತು.

ಕಣ್ಣೆದುರಿಗೆ ಎರಡು ಬಿಳಿ ಕ್ಯಾನ್ವಾಸ್ ಬೂಟು. ಅವು ಅಲುಗಲೇ ಇಲ್ಲ.

“ಎದ್ದು ನಡೀರಿ. ಕುಂದರಬ್ಯಾಡ್ರಿ,” ಎಂದಿತು ಮೇಲಿನಿಂದ ಒಂದು ದನಿ.

ಸಿಟ್ಟಿನಿಂದ ತಲೆ ಎತ್ತಿದಳು. ಎತ್ತಿದವಳು ಹಾಗೇ ಉಳಿದಳು. ಹೊಸ ಬೆಳಕು ಅವನ ಹೆಗಲ ಮೇಲೆ ಶಲ್ಯದಂತೆ ಬಿದ್ದಿತ್ತು... ಡ್ರಿಲ್ ಮಾಸ್ತರ ಬಸಂತರಾಯ. ಕರುಣೆ ಇಲ್ಲದ ಮನುಷ್ಯ, ಎಂದುಕೊಂಡಳು. ಕಣ್ಣು ಮಾತ್ರ ಎಷ್ಟು ಶಾಂತ!

ಓಡಿದ ಕೂಡಲೇ ಕುಳಿತರೆ ತಲೆ ಸುತ್ತುತ್ತದೆ, ಅದಕ್ಕೇ ನಡೆಯಲು ಹೇಳಿದ್ದು ಎಂದು ಅವಳಿಗೆ ತಿಳಿದದ್ದು ಎರಡು ದಿನ ಕಳೆದ ಮೇಲೆ.

ಅದು ಎಪ್ಪತ್ನಾಲ್ಕನೆಯ ಇಸವಿ. ಸಾಲಿಯ ಬಾಯಿ, ಅಂದರೆ ಶಿಕ್ಷಕಿ, ಆಗಬೇಕೆಂಬುದು ರೇವವ್ವನ ಹುಚ್ಚು ಕನಸು. ಶಿಕ್ಷಕರ ತರಬೇತಿಗೆ ಎರಡು ಸಲ ಅರ್ಜಿ ಹಾಕಿದ್ದಳು, ಎರಡು ಸಲವೂ ಸೀಟು ಸಿಕ್ಕಿರಲಿಲ್ಲ. ಈ ವರ್ಷ ಡ್ರಿಲ್ ಬಾಯಿಯರ ತರಬೇತಿಗೆ ಹುಡುಗಿಯರನ್ನು ಕರೆದಿದ್ದರು. ಎಂಟು ವಾರದ ನಂತರ ವಿಜಾಪುರದಲ್ಲಿ ಆಯ್ಕೆ. ಎಂಟುನೂರು ಮೀಟರನ್ನು ನಾಲ್ಕು ನಿಮಿಷದೊಳಗೆ ಓಡಬೇಕು. ಇದೇ ಕೊನೆಯ ಸಲ, ಆಮೇಲೆ ಓದಿನ ಮಾತು ಎತ್ತಬಾರದು ಎಂದಿದ್ದರು ಅಪ್ಪ ಗುರುಲಿಂಗಪ್ಪ. ಹಾಗೆಂದವರೇ ಹೋಗಿ, ಮಗಳಿಗೆ ಓಟ ಕಲಿಸಿರೆಂದು ಬಸಂತರಾಯನನ್ನು ಕೇಳಿಕೊಂಡು ಬಂದಿದ್ದರು.

ಜೊತೆಗೆ ಕಾವಲಿಗೆಂದು ಆಯಿ ಶಂಕ್ರೆವ್ವ. ಮೊಮ್ಮಗಳು ಓಡುವಷ್ಟು ಹೊತ್ತು ಬೇವಿನ ಗಿಡದ ಬುಡದಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದಳು.

ಆಯಿ ಹೇಳುತ್ತಿದ್ದ ಕತೆಗಳಲ್ಲಿ ರಾಜಕುಮಾರಿಯರು ಓಡುತ್ತಿರಲಿಲ್ಲ. ಬಿಳಿ ಕುದುರೆ ಬರುತ್ತಿತ್ತು, ಏರಿ ಕೂತರೆ ಮುಗಿಯಿತು. ಇಲ್ಲಿ ಕುದುರೆಯೂ ತಾನೇ, ಸವಾರಳೂ ತಾನೇ... ರೇವವ್ವನಿಗೆ ಅಳು ಬಂದಿತ್ತು.

ಮರುದಿನ ಬೆಳಿಗ್ಗೆ ತೊಡೆಗಳು ಮರದ ತುಂಡಾಗಿದ್ದವು. ಒಲೆಯ ಮುಂದೆ ಕುಳಿತವಳಿಗೆ ಏಳಲಾಗಲಿಲ್ಲ. ಅದರ ಮರುದಿನ ಇನ್ನೂ ಹೆಚ್ಚು. ಆದರೂ ಹೋದಳು. ನೆರೆಮನೆಯ ಜನ್ನತಬಿ ತನ್ನ ಹೊಲಿಗೆ ಯಂತ್ರದಲ್ಲಿ ಸಡಿಲ ಪೈಜಾಮ, ಉದ್ದ ಅಂಗಿ ಹೊಲಿದುಕೊಟ್ಟಳು. ಅದನ್ನು ಹಾಕಿಕೊಂಡು ಓಣಿ ದಾಟುವಾಗ ಮಾತ್ರ ಸೀರೆ ಹೊದ್ದುಕೊಂಡು ಹೋಗುತ್ತಿದ್ದಳು.

ಬಸಂತರಾಯನ ಪಾಠ ವಿಚಿತ್ರವಾಗಿತ್ತು. ಮೊದಲ ವಾರ ಅವನು ಒಂದು ಸುತ್ತನ್ನೂ ಪೂರ್ತಿ ಓಡಿಸಲಿಲ್ಲ. ನಡೆ, ಸ್ವಲ್ಪ ಓಡು, ಮತ್ತೆ ನಡೆ. ಓಡುತ್ತ ಆಯಿಯ ಜೊತೆ ಮಾತಾಡಲು ಬರುವಷ್ಟೇ ವೇಗ ಸಾಕು, ಮಾತು ನಿಂತರೆ ವೇಗ ಹೆಚ್ಚಾಯಿತು ಎಂದು ತಿಳಿಯಿರಿ ಎನ್ನುತ್ತಿದ್ದ. ಜೋರು ಮಾಡುತ್ತಿರಲಿಲ್ಲ. ಅವಳು ಓಡುವಾಗ ತಾನೂ ಒಳಸುತ್ತಿನಲ್ಲಿ ಓಡುತ್ತಿದ್ದ, ನೆರಳಿನ ಹಾಗೆ.

ವಾರಕ್ಕೆ ಆರು ದಿನ. ಒಂದೇ ಒಂದು ಕಟ್ಟಪ್ಪಣೆ ಇತ್ತು.

“ಸೋಮವಾರ ಬರಬ್ಯಾಡ್ರಿ.”

ಯಾಕೆಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಉಳಿದದ್ದೆಲ್ಲವನ್ನೂ ಕೇಳುತ್ತಿದ್ದಳು. ಪಕ್ಕೆ ಯಾಕೆ ಹಿಡಿಯುತ್ತದೆ? ನೋವು ಎರಡನೆಯ ದಿನ ಯಾಕೆ ಹೆಚ್ಚು? ರೊಟ್ಟಿ ತಿಂದು ಬರಬೇಕೋ, ಹಸಿದು ಬರಬೇಕೋ? ಒಂದು ಪ್ರಶ್ನೆಯನ್ನಂತೂ ತಾನೇ ಕೇಳಲಾಗದೆ ಆಯಿಯಿಂದ ಕೇಳಿಸಿದ್ದಳು. ತಿಂಗಳ ಆ ದಿನಗಳಲ್ಲಿ ಓಡಬಹುದೋ ಇಲ್ಲವೋ? ಬಸಂತರಾಯನ ಕಿವಿ ಕೆಂಪಾಗಿತ್ತು. ಮಂಗಳವಾರ ಹೇಳುತ್ತೇನೆ ಎಂದ. ಹೇಳಿದ ಕೂಡ, ನೆಲ ನೋಡುತ್ತ. ಮೈ ಒಪ್ಪಿದರೆ ನಿಧಾನ ಓಡಬಹುದು, ಒಪ್ಪದಿದ್ದರೆ ಯಾರಿಗೂ ಕಾರಣ ಹೇಳಬೇಕಿಲ್ಲ.

ಎಷ್ಟು ತಿಳಿದವನು! ಎಷ್ಟು ಮರ್ಯಾದಸ್ಥ! ಅವಳ ಮನಸ್ಸು ಅವಳ ಕಾಲಿಗಿಂತ ಜೋರಾಗಿ ಓಡತೊಡಗಿತ್ತು.

ನಾಲ್ಕನೆಯ ವಾರಕ್ಕೆ ಎಂಟುನೂರು ಮೀಟರು ನಾಲ್ಕೂವರೆ ನಿಮಿಷಕ್ಕೆ ಬಂತು. ಇನ್ನು ಮೂವತ್ತು ಸೆಕೆಂಡು. ಆ ಸಂಜೆಯೇ ಜನ್ನತಬಿ ದಾರ ಕಡಿಯುತ್ತ ಒಂದು ಸುದ್ದಿ ಹೇಳಿದಳು. ಮಾಸ್ತರ ಪ್ರತಿ ರವಿವಾರ ಸಂಜೆ ಬಾಳೆಹಣ್ಣು ಕಟ್ಟಿಸಿಕೊಂಡು ಇಂಡಿ ಊರಿನ ಬಸ್ಸು ಹತ್ತುತ್ತಾನೆ. ಸೋಮವಾರ ಮುಂಜಾನೆ ಸಾಲಿಯ ಹೊತ್ತಿಗೆ ತಿರುಗಿ ಬರುತ್ತಾನೆ.

“ಹಣ್ಣು ಒಯ್ದ ಮ್ಯಾಲ ಹೆಣ್ಣು ನೋಡಾಕನ ಇರಬೇಕು ತಗೋ,” ಎಂದು ನಕ್ಕಳು.

ಓಹ್... ಅದಕ್ಕೇ ಸೋಮವಾರ ಬರಬೇಡ ಎಂದದ್ದು.

ರೇವವ್ವ ನಗಲಿಲ್ಲ. ಮರುದಿನ ಸೋಮವಾರ, ಆಯಿ ಬಸವಣ್ಣನ ಗುಡಿಗೆ ಹೊರಟ ಮೇಲೆ ಒಬ್ಬಳೇ ಮೈದಾನಕ್ಕೆ ಹೋದಳು. ಎರಡು ಪಟ್ಟು ಓಡಿದಳು. ಹೊಟ್ಟೆಕಿಚ್ಚು ಅರ್ಧ, ಮೂವತ್ತು ಸೆಕೆಂಡಿನ ಭಯ ಅರ್ಧ. ಮುಂದಿನ ಸೋಮವಾರವೂ ಅದೇ. ಯಾರಿಗೂ ಹೇಳಲಿಲ್ಲ.

ಮೊಣಕಾಲ ಕೆಳಗೆ, ಮುಂದಿನ ಎಲುಬಿನಗುಂಟ ಸಣ್ಣ ನೋವು ಶುರುವಾಯಿತು. ನೋವು ಅಂದರೆ ಮೈ ಗಟ್ಟಿಯಾಗುತ್ತಿದೆ ಎಂದು ಹಲ್ಲು ಕಚ್ಚಿದಳು. ನಾಲ್ಕೂವರೆ ನಿಮಿಷ ಇದ್ದದ್ದು ನಾಲ್ಕು ಮುಕ್ಕಾಲಾಯಿತು. ಬಸಂತರಾಯ ಗಡಿಯಾರ ನೋಡಿ ಹುಬ್ಬು ಗಂಟಿಕ್ಕಿದ. ಎಲ್ಲಾದರೂ ನೋವಿದೆಯೇ ಎಂದು ಕೇಳಿದರೆ ಇಲ್ಲ ಎಂದಳು. ಕೊನೆಗೆ ಒಂದು ರವಿವಾರ ಮುಂಜಾನೆ ಅವನೆಂದ.

“ಸ್ವಲ್ಪ ದಿನ ಓಡೂದು ಬಿಡ್ರಿ.”

ಕೈ ಬಿಟ್ಟ... ಇಂಡಿಯವಳ ಜೊತೆ ಮದುವೆ ಗೊತ್ತಾಯಿತು, ನಾನು ಭಾರವಾದೆ. ಅವಳಿಗೆ ಕೇಳಿಸಿದ್ದು ಅಷ್ಟೇ.

ಮರುದಿನದ ಸೋಮವಾರ ಅವಳು ಓಡಿದ್ದು ಓಟವಲ್ಲ, ಜಗಳ. ಮೂರನೆಯ ಸುತ್ತಿನಲ್ಲಿ ಬಲಗಾಲು ಊರಲಾಗದೆ ಕುಸಿದಳು.

ಎತ್ತುಗಳ ಮೈ ತೊಳೆಯಲು ಬಾವಿಗೆ ಹೊಡೆದುಕೊಂಡು ಹೊರಟಿದ್ದ ಗುರುಲಿಂಗಪ್ಪನವರ ಕಣ್ಣಿಗೆ ಮಗಳು ಬಿದ್ದಳು. ಅವರು ಬಯ್ಯಲಿಲ್ಲ. ಬಾತ ಕಾಲನ್ನು ಎತ್ತಿನ ಕಾಲು ನೋಡುವಂತೆಯೇ ಒತ್ತಿ ನೋಡಿದರು.

“ಬಸವಣ್ಣನ ವಾರ ಅಂತ ಎತ್ತಿಗೂ ಇವತ್ತ ನೊಗಾ ಇಡೂದಿಲ್ಲ ನಾವು. ಆರು ದಿನ ದುಡಿದ ಜೀವಕ್ಕ ಒಂದಿನ ಬಿಡುವು ಬೇಕು. ನಿನ್ನ ಯಾರು ಹೂಡಿದ್ರವ್ವ?”

ರೇವವ್ವ ಹುಟ್ಟಿದಾಗಿನಿಂದ ಕಂಡ ವಾರ. ಒಕ್ಕಲುತನದ ಮನೆಯ ಮಗಳಿಗೆ ಬಿಡಿಸಿ ಹೇಳಬೇಕಿಲ್ಲ ಎಂದೇ ಮಾಸ್ತರ ಅಷ್ಟಕ್ಕೇ ನಿಲ್ಲಿಸಿದ್ದ. ಅವಳು ಎತ್ತಿಗೆ ಕೊಟ್ಟ ಬಿಡುವನ್ನು ತನಗೆ ಕೊಟ್ಟಿರಲಿಲ್ಲ.

ಗಾಡಿ ಹೂಡುವಂತಿರಲಿಲ್ಲ. ಅಪ್ಪನ ಹೆಗಲು ಹಿಡಿದೇ ಮನೆ ಸೇರಿದಳು.

ಸಂಜೆ ಸುದ್ದಿ ಕೇಳಿ ಬಸಂತರಾಯ ಬಂದ. ಆಯಿ ಬಿಸಿ ಮಾಡಿದ ಔಡಲದೆಲೆಯನ್ನು ಮೊಮ್ಮಗಳ ಕಾಲಿಗೆ ಕಟ್ಟುತ್ತಿದ್ದಳು. ಅವನು ಹೊಸ್ತಿಲಲ್ಲೇ ನಿಂತು, ತಪ್ಪು ತನ್ನದು, ಏನೋ ತಪ್ಪಾಗಿ ಕಲಿಸಿದೆ ಎಂದು ಗುರುಲಿಂಗಪ್ಪನವರ ಕ್ಷಮೆ ಕೇಳತೊಡಗಿದ. ಅದನ್ನು ಕೇಳಲಾಗದೆ ರೇವವ್ವ ಎದ್ದು ಕುಳಿತಳು. ಮೂರು ಸೋಮವಾರ ಕದ್ದು ಓಡಿದ್ದನ್ನು ಹೇಳಿಬಿಟ್ಟಳು.

“ಯಾಕ್ರಿ?” ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು.

“ಎಂಟು ವಾರ ಸಾಲೂದಿಲ್ಲ ಅನ್ನಿಸ್ತು. ಮತ್ತ... ನೀವು ಇಂಡಿಗೆ ಹೆಣ್ಣು ನೋಡಾಕ ಹೋಗ್ತೀರಿ ಅಂತ ಕೇಳಿದೆ.”

ಗುರುಲಿಂಗಪ್ಪನವರಿಗೆ ತಟ್ಟನೆ ಎತ್ತುಗಳ ನೆನಪಾಯಿತು, ಹಿತ್ತಿಲಿಗೆ ಹೋದರು. ಆಯಿ ಹೋಗಲಿಲ್ಲ. ಎಲೆ ಕಟ್ಟುವುದು ನಿಲ್ಲಿಸಿ ಆರಾಮಾಗಿ ಕೂತಳು.

ಬಸಂತರಾಯ ಅಂಗಿಯ ಜೇಬಿನಿಂದ ಒಂದು ಸಣ್ಣ ನೋಟುಬುಕ್ಕು ತೆಗೆದು ಆಯಿಯ ಕೈಗಿತ್ತ. ಆಯಿಗೆ ಓದಲು ಬಾರದು, ಮೊಮ್ಮಗಳಿಗೆ ದಾಟಿಸಿದಳು. ಪುಟದ ತುಂಬ ರೇವವ್ವನದೇ ಪ್ರಶ್ನೆಗಳು. ಪಕ್ಕೆ ಹಿಡಿಯುವುದು. ಎರಡನೆಯ ದಿನದ ನೋವು. ರೊಟ್ಟಿ. ಪ್ರತಿಯೊಂದರ ಕೆಳಗೂ ಬೇರೆ ಶಾಯಿಯಲ್ಲಿ ಉತ್ತರ.

“ಇಂಡಿಯಾಗ ನನ್ನ ಗುರುಗಳು ಅದಾರ, ಅಬ್ದುಲರಜಾಕ ಮಾಸ್ತರು. ಅವರನ್ನ ಕೇಳ್ಕೊಂಡು ಬರ್ತಿದ್ದೆ. ಆ ಒಂದು ಪ್ರಶ್ನೆಗೆ ಅವರ ಮನಿಯವರು ಬಾಗಲ ಹಿಂದ ನಿಂತು ಉತ್ತರ ಹೇಳಿದ್ರು. ನಾ ಬರೇ ಗಂಡುಹುಡುಗರಿಗೆ ಕಲಿಸಿದಾಂವ. ನೀವು ಕೇಳಿದ್ದು ಒಂದೂ ನನಗ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದ್ರ ನೀವು ಬರೂದು ಬಿಡ್ತೀರಿ ಅಂತ ಹೆದರಿದೆ.”

ತಾನು ಬೆಟ್ಟದಷ್ಟು ಎತ್ತರದಲ್ಲಿಟ್ಟವನು ತನ್ನಷ್ಟೇ ಹೊಸಬ. ಪ್ರತಿ ವಾರ ಒಂದು ರಾತ್ರಿಯ ನಿದ್ದೆ ಬಿಟ್ಟು, ತನ್ನ ಪ್ರಶ್ನೆಗಳನ್ನು ಎದೆಯ ಮೇಲಿನ ಜೇಬಿನಲ್ಲಿ ಹೊತ್ತು ಹೋಗಿ ಬಂದವನು. ರೇವವ್ವನಿಗೆ ಅವನು ಈಗ ಇನ್ನೂ ಎತ್ತರ ಕಂಡ.

“ಹನ್ನೆರಡ ದಿನ ಅದಾವು,” ಎಂದಳು ಮೆಲ್ಲಗೆ. “ಈ ಸಲ ಹೇಳಿದ್ದು ಕೇಳ್ತೇನಿ.”

ಆರು ದಿನ ಹಾಸಿಗೆ. ಮೂರು ದಿನ ಬರೀ ನಡಿಗೆ. ಎರಡು ದಿನ, ಆಯಿಯ ಜೊತೆ ಮಾತಾಡುವ ವೇಗದ ಓಟ. ಸುಮ್ಮನೆ ಮಲಗುವುದು ಓಡುವುದಕ್ಕಿಂತ ಕಷ್ಟ ಎಂದು ಅವಳಿಗೆ ಆಗ ತಿಳಿಯಿತು.

ವಿಜಾಪುರದ ಮೈದಾನದಲ್ಲಿ ಸೀಟಿ ಊದಿದಾಗ ಹುಡುಗಿಯರೆಲ್ಲ ಬಾಣದಂತೆ ಹಾರಿದರು. ರೇವವ್ವ ಎಲ್ಲರಿಗಿಂತ ಹಿಂದೆ. ತಂತಿಬೇಲಿಯ ಆಚೆ ಅಪ್ಪ ಕಣ್ಣು ಮುಚ್ಚಿಕೊಂಡರು. ಬಸಂತರಾಯ ಮುಚ್ಚಲಿಲ್ಲ. ಅರ್ಧ ದಾರಿಗೆ ಮುಂದಿನವರ ಉಸಿರು ಒಡೆಯಿತು. ಅವಳದು ಒಡೆಯಲಿಲ್ಲ. ಒಬ್ಬೊಬ್ಬರನ್ನೇ ದಾಟಿದಳು. ಕೊನೆಯ ನೂರು ಮೀಟರಿನಲ್ಲಿ ಮಾತ್ರ ಇದ್ದುದನ್ನೆಲ್ಲ ಕಾಲಿಗೆ ಕೊಟ್ಟಳು.

ಮೂರು ನಿಮಿಷ ಐವತ್ತಾರು ಸೆಕೆಂಡು.

ಮಧ್ಯಾಹ್ನ ಗೋಡೆಗೆ ಹಚ್ಚಿದ ಪಟ್ಟಿಯಲ್ಲಿ ಅವಳ ಹೆಸರಿತ್ತು. ಗುರುಲಿಂಗಪ್ಪನವರು ಮೂರು ಸಲ ಓದಿದರು. ಆಮೇಲೆ ಕಣ್ಣೊರೆಸಿಕೊಳ್ಳುತ್ತ ಬಸ್ಸಿನ ಹೊತ್ತು ಕೇಳಿ ಬರುತ್ತೇನೆಂದು ಹೊರಟರು. ಆಯಿ ಕಟ್ಟೆಯ ಮೇಲೆ ಒರಗಿ, ಬಾರದ ನಿದ್ದೆಯನ್ನು ಬರಿಸಿಕೊಂಡಳು.

“ಹತ್ತು ತಿಂಗಳ ತರಬೇತಿ,” ಎಂದಳು ರೇವವ್ವ. “ದೂರದ ಊರು. ಕಾಯ್ತೀರೇನ್ರಿ?”

ಬಸಂತರಾಯ ಗೋಡೆಯ ಪಟ್ಟಿಯ ಕಡೆ ಒಮ್ಮೆ ನೋಡಿದ.

“ಸುಮ್ಮನ ಕಾಯೂದಿಲ್ಲ. ನಮ್ಮ ಸಾಲ್ಯಾಗ ಹುಡಿಗ್ಯಾರಿಗೆ ಆಟದ ಪಿರೇಡ ಇಲ್ಲ. ನೀವು ಬರೂದರಾಗ ಅದನ್ನ ಶುರು ಮಾಡಸ್ತೇನಿ.”

ಅವಳ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ನಗು ಬಂತು.

“ಮತ್ತ ಅಪ್ಪಾನ್ನ ಕೇಳೂದು?”

“ನಾಳೆ ಮನಿಗೆ ಬರ್ತೇನಿ.”

“ಎರಡ ದಿನ ಬಿಟ್ಟ ಬರ್ರಿ,” ಎಂದಳು ರೇವವ್ವ, ತಲೆ ತಗ್ಗಿಸಿ. “ನಾಳೆ, ನಾಡದ ತೊಡಿ ಹಿಡದಿರ್ತಾವು. ಚಹಾ ತಂದು ಕೊಡಾಕ ಏಳಾಕ ಆಗೂದಿಲ್ಲ.”